ನೀರಿಗಿಂತ ಮುಂಚೆ ಬಂದ ಗೆರೆ

ಎರಡು ವಾರದಿಂದ ರಾತ್ರಿ ನನಗೆ ಒಂದೇ ಕೆಲಸ. ನೆಲದ ಏರಿಳಿತ ತೋರಿಸುವ ಹಳೇ ಟೋಪೋ ನಕ್ಷೆ ಇಳಿಸಿಕೊಳ್ಳುವುದು, ದೊಡ್ಡದು ಮಾಡಿ ನೋಡುತ್ತಾ ಕೂರುವುದು. ಅಮೆರಿಕದ ಸರ್ವೆ ಇಲಾಖೆ ಯುಎಸ್‌ಜಿಎಸ್ 1880ರ ದಶಕದಿಂದ ಈಚಿನ ಸಾವಿರಾರು ಹಾಳೆಗಳನ್ನು ಸ್ಕ್ಯಾನ್ ಮಾಡಿ ಟೋಪೋವ್ಯೂ ತಾಣದಲ್ಲಿ ಪುಕ್ಕಟೆ ಇಟ್ಟಿದೆ. ಸುಮ್ನೆ ಒಂದು ನೋಡೋಣ ಅಂತ ಕೂತವನು ಮ್ಯಾಸಚೂಸೆಟ್ಸ್‌ನ ಸ್ವಿಫ್ಟ್ ನದಿ ಕಣಿವೆಯಲ್ಲಿ ಸಿಕ್ಕಿಹಾಕಿಕೊಂಡೆ.

ಡಾನಾ, ಎನ್‌ಫೀಲ್ಡ್, ಗ್ರೀನ್‌ವಿಚ್, ಪ್ರೆಸ್ಕಾಟ್ ಅಂತ ನಾಲ್ಕು ಊರು ಅಲ್ಲಿದ್ದವು. ಬಾಸ್ಟನ್‌ಗೆ ಕುಡಿಯುವ ನೀರು ಬೇಕು ಅಂತ ಕ್ವಾಬಿನ್ ಜಲಾಶಯ ಕಟ್ಟಿದರು. 1938ರ ಏಪ್ರಿಲ್ 28ಕ್ಕೆ ನಾಲ್ಕೂ ಊರು ಕಾನೂನಿನ ಲೆಕ್ಕದಲ್ಲಿ ಇಲ್ಲವಾದವು. ಹಿಂದಿನ ರಾತ್ರಿ ಎನ್‌ಫೀಲ್ಡ್‌ನ ಪುರಭವನದಲ್ಲಿ ಜನ ಸೇರಿ ಕುಣಿದು ಊರಿಗೆ ವಿದಾಯ ಹೇಳಿದರು. ಮನೆ ಕೆಡವಿದರು, ಮರ ಕಡಿದರು, ಸುಮಾರು 7,500 ಸಮಾಧಿಗಳನ್ನು ಅಗೆದು ಬೇರೆ ಕಡೆ ಸಾಗಿಸಿದರು. ಜಲಾಶಯ ತುಂಬಿದ್ದು 1946ರಲ್ಲಿ.

ಇದೆಲ್ಲ ಓದೋಕೆ ಎಲ್ಲಿ ಬೇಕಾದರೂ ಸಿಗುತ್ತೆ. ನಕ್ಷೆ ನೋಡುವ ಮಜಾ ಬೇರೆ. ಹಳೇ ಹಾಳೆಯ ಅಳತೆ 1:62,500, ಅಂದರೆ ಒಂದು ಸೆಂಟಿಮೀಟರಿಗೆ ನೆಲದ ಮೇಲೆ 625 ಮೀಟರ್. ಮನೆ ಅಂದರೆ ಸಾಸಿವೆಗಿಂತ ಚಿಕ್ಕ ಕಪ್ಪು ಚೌಕ. ಊರ ನಡುವೆ ಗುಂಪಾಗಿರುತ್ತವೆ, ಆಮೇಲೆ ರಸ್ತೆಗುಂಟ ಅಲ್ಲೊಂದು ಇಲ್ಲೊಂದು, ಕೊನೆಗೆ ಗುಡ್ಡದ ಬುಡದಲ್ಲಿ ಒಂಟಿಯಾಗಿ ಒಂದು. ಅದು ಯಾರ ಮನೆ, ಒಳಗೆ ಎಷ್ಟು ಜನ, ನಕ್ಷೆ ಹೇಳಲ್ಲ. ಕಣಿವೆಯ ತಳದಲ್ಲಿ ರೈಲು ಹಳಿ ಇದೆ. ಆ ರೈಲನ್ನು ಜನ ‘ರ್‍ಯಾಬಿಟ್ ರನ್’ ಅಂತ ಕರೀತಿದ್ದರಂತೆ!

ಇಸವಿ ವಿಷಯದಲ್ಲಿ ಮಾತ್ರ ಹುಷಾರು. ಮೂಲೆಯಲ್ಲಿ ಅಚ್ಚಾದ ವರ್ಷವೇ ಬೇರೆ, ಸರ್ವೆ ಮಾಡಿದ ವರ್ಷವೇ ಬೇರೆ. ನಾನು ಮೊದಲು ಮೋಸ ಹೋಗಿದ್ದೇ ಇಲ್ಲಿ.

ಮೂರನೇ ರಾತ್ರಿ ಒಂದು ಯೋಚನೆ ಬಂತು. ನಕ್ಷೆಯಲ್ಲಿ 20 ಅಡಿ ಎತ್ತರಕ್ಕೊಂದು ಕಂದು ಕಾಂಟೂರು ಗೆರೆ ಇದೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ. ಜಲಾಶಯ ತುಂಬಿದಾಗ ನೀರು ನಿಲ್ಲುವುದು ಸಮುದ್ರಮಟ್ಟದಿಂದ ಸುಮಾರು 520ರಿಂದ 530 ಅಡಿಗೆ. ಹಾಗಾದರೆ 520ರ ಗೆರೆ ಹಿಡಿದು ಹೋದರೆ ದಡ ಸಿಗಬೇಕಲ್ವಾ? ಹಾಳೆ ಪ್ರಿಂಟ್ ಹಾಕಿ ನೀಲಿ ಪೆನ್ಸಿಲ್ ಹಿಡಿದೆ. ಕಡಿದಾದ ಕಡೆ ಗೆರೆಗಳು ಒಂದರ ಮೇಲೊಂದು ಕೂತಿರುತ್ತವೆ, ಕಣ್ಣು ಜಾರಿ 540ಕ್ಕೆ ಹತ್ತಿಬಿಟ್ಟೆ, ಮುಳುಗಬಾರದ ಗುಡ್ಡವನ್ನೂ ಮುಳುಗಿಸಿ ಮತ್ತೆ ಅಳಿಸಬೇಕಾಯಿತು. ಎರಡು ಗಂಟೆ ಹಿಡಿಯಿತು. ಆಮೇಲೆ ಇವತ್ತಿನ ನಕ್ಷೆ ಪಕ್ಕಕ್ಕಿಟ್ಟೆ. ಅದೇ ಕೊಲ್ಲಿಗಳು, ಅದೇ ಮೂತಿಗಳು! ಪೊಮೆರಾಯ್ ಗುಡ್ಡ ದ್ವೀಪವಾಗಿ ಉಳಿದಿದೆ. ಅಲ್ಲಲ್ಲಿ ತಪ್ಪಿದೆ ನಿಜ. ಆ ಕಾಲದ ಸರ್ವೆಯವರು ಪ್ಲೇನ್ ಟೇಬಲ್ (ಮುಕ್ಕಾಲಿ ಮೇಲೆ ಕೂರಿಸಿದ ನಕ್ಷೆ ಬರೆಯುವ ಹಲಗೆ) ಮುಂದೆ ನಿಂತು ಎಷ್ಟೋ ಗೆರೆಗಳನ್ನು ಕಣ್ಣಂದಾಜಲ್ಲಿ ಎಳೆಯುತ್ತಿದ್ದರು. ಆದರೂ ಐವತ್ತು ವರ್ಷ ಆಮೇಲೆ ಬರಲಿರುವ ದಡವನ್ನು ಗೊತ್ತಿಲ್ಲದೇ ಬರೆದಿಟ್ಟು ಹೋಗಿದ್ದರು.

ಒಂದು ಕಡೆ ಮಾತ್ರ ಲೆಕ್ಕ ತಪ್ಪಿತು ಅಂದುಕೊಂಡೆ. ಡಾನಾ ಊರಿನ ನಡುಭಾಗದ ಚೌಕಗಳು ನನ್ನ ನೀಲಿಯ ಆಚೆಗೇ ಉಳಿದವು. ಮತ್ತೆ ಮತ್ತೆ ನೋಡಿದೆ, ತಪ್ಪಿಲ್ಲ. ಆ ಜಾಗ ಮುಳುಗಲೇ ಇಲ್ಲ, ಈಗಲೂ ನಡೆದು ಹೋಗಬಹುದು. ನೀರಿನ ಸುತ್ತ ಯಾರೂ ಇರಬಾರದು ಅಂತ ಅಲ್ಲಿನ ಮನೆಗಳನ್ನೂ ಕೆಡವಿದ್ದರು. ಹೊಸ ನಕ್ಷೆಯಲ್ಲಿ ಅಲ್ಲಿಗೆ ಹೋಗುವ ದಾರಿ ಇದೆ, ಚೌಕ ಒಂದೂ ಇಲ್ಲ.