ತಿರುಗಿಸಿ ಅಳೆಯುವುದು ಯಾಕೆ: ಲ್ಯಾಬ್‌ನಲ್ಲಿ ನಾನು ಹೇಳುವ ಪ್ರೋಟಾನಿನ ಕಥೆ

ಉಡುಪಿಯ ಕಾಲೇಜೊಂದರಲ್ಲಿ ಎಂಎಸ್ಸಿ ಫಿಸಿಕ್ಸ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಹಾಲ್ ಎಫೆಕ್ಟ್ (ಕರೆಂಟ್ ಹರಿಯುವ ಕ್ರಿಸ್ಟಲ್ಲನ್ನು ಮ್ಯಾಗ್ನೆಟ್ಟಿನ ಫೀಲ್ಡಿನಲ್ಲಿ ಇಟ್ಟಾಗ ಅಡ್ಡಕ್ಕೆ ಹುಟ್ಟುವ ವೋಲ್ಟೇಜ್) ಪ್ರಯೋಗದ ದಿನ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸರ್, ರೀಡಿಂಗ್ ಬಂತಲ್ಲ, ಮ್ಯಾಗ್ನೆಟ್ ತಿರುಗಿಸಿ ಪುನಃ ಯಾಕೆ ತೆಗೆಯುವುದು?"

ಆಗ ಪ್ರೋಟಾನಿನ ಸ್ಪಿನ್ (ಬುಗುರಿ ತಿರುಗಿದಂತೆ ಕಣಕ್ಕೆ ತನ್ನದೇ ಆದ ಒಂದು ಗುಣ) ಅಳೆದ ಕಥೆ ಹೇಳುತ್ತೇನೆ. ಆ ಸ್ಪಿನ್ನಿನ ದೊಡ್ಡ ಪಾಲು ಒಳಗಿನ ಕ್ವಾರ್ಕ್ ಎಂಬ ಕಣಗಳದ್ದೇ ಎಂದು ಎಲ್ಲರೂ ನಂಬಿದ್ದರು. ಯುರೋಪಿನ ಕಣ ಭೌತಶಾಸ್ತ್ರ ಕೇಂದ್ರ ಸರ್ನ್‌ನ ಇಎಂಸಿ ಎಂಬ ತಂಡ 1988ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಆ ಪಾಲು ಎಷ್ಟು ಸಣ್ಣದಿತ್ತೆಂದರೆ, ದೋಷದ ಮಿತಿ ಸೇರಿಸಿದರೆ ಸೊನ್ನೆಯೂ ಆಗಬಹುದಿತ್ತು. ನಂತರದ ಪ್ರಯೋಗಗಳಲ್ಲಿ ಅದು ಸುಮಾರು 30% ಎಂದು ನಿಂತಿದೆ. ಉಳಿದದ್ದು ಕ್ವಾರ್ಕ್‌ಗಳನ್ನು ಹಿಡಿದಿಡುವ ಗ್ಲೂಆನ್‌ಗಳ ಸ್ಪಿನ್ ಮತ್ತು ಒಳಗಿನ ಸುತ್ತಾಟದ್ದು.

ನನಗೆ ಇಷ್ಟವಾಗುವುದು ಅವರು ಅಳೆದ ರೀತಿ. ಮ್ಯೂಆನ್ ಎಂಬ ಕಣಗಳ ಕಿರಣವನ್ನು ಟಾರ್ಗೆಟ್ಟಿಗೆ, ಅಂದರೆ ಪ್ರೋಟಾನ್‌ಗಳಿರುವ ವಸ್ತುವಿಗೆ, ಹಾಯಿಸಿದರು. ಮ್ಯೂಆನ್‌ನ ಸ್ಪಿನ್ ಮತ್ತು ಟಾರ್ಗೆಟ್ಟಿನ ಸ್ಪಿನ್ ಒಂದೇ ದಿಕ್ಕಿನಲ್ಲಿದ್ದಾಗ ಎಷ್ಟು ಮ್ಯೂಆನ್‌ಗಳು ಚದುರುತ್ತವೆ, ಎದುರು ದಿಕ್ಕಿನಲ್ಲಿದ್ದಾಗ ಎಷ್ಟು, ಆ ವ್ಯತ್ಯಾಸವೇ ಬೇಕಾದದ್ದು. ಟಾರ್ಗೆಟ್ ಹೆಪ್ಪುಗಟ್ಟಿದ ಅಮೋನಿಯಾ. ಅದರ ಒಂದು ಅಣುವಿನ 17 ನ್ಯೂಕ್ಲಿಯಾನ್‌ಗಳಲ್ಲಿ (ಪ್ರೋಟಾನ್, ನ್ಯೂಟ್ರಾನ್ ಸೇರಿ) ಕೆಲಸಕ್ಕೆ ಬರುವುದು ಹೈಡ್ರೋಜನ್ನಿನ 3 ಪ್ರೋಟಾನ್ ಮಾತ್ರ, ಮಿಕ್ಕದ್ದು ಸುಮ್ನೆ ಎಣಿಕೆ ಹೆಚ್ಚಿಸುತ್ತದೆ. ಇಷ್ಟು ಸಣ್ಣ ವ್ಯತ್ಯಾಸವನ್ನು, ಚದುರಿದ ಕಣ ಹಿಡಿಯುವ ಡಿಟೆಕ್ಟರಿನ ಚೂರು ಏರುಪೇರು ನುಂಗಿಬಿಡಬಹುದು, ಅಲ್ವಾ? ಅದಕ್ಕೇ ಟಾರ್ಗೆಟ್ಟನ್ನು ಎರಡು ಭಾಗ ಮಾಡಿ, ಸ್ಪಿನ್ನನ್ನು ಎದುರುಬದುರು ಇಟ್ಟು, ಒಂದೇ ಕಿರಣವನ್ನು ಎರಡರ ಮೂಲಕವೂ ಹಾಯಿಸಿದರು, ಆಮೇಲೆ ದಿಕ್ಕು ಅದಲುಬದಲು ಮಾಡಿದರು. ಆದರೆ ಮುಂದಿನ ಭಾಗ, ಹಿಂದಿನ ಭಾಗ ಎರಡೂ ಡಿಟೆಕ್ಟರಿಗೆ ಒಂದೇ ಥರ ಕಾಣುವುದಿಲ್ಲ. ಹಾಗಾಗಿ ಸರ್ನ್‌ನಲ್ಲೇ ನಡೆದ ಕಂಪಾಸ್ ಎಂಬ ಪ್ರಯೋಗ 2006ರಿಂದ ಮೂರು ಭಾಗಕ್ಕೆ ಹೋಯಿತು, ನಡುವಿನದು ಎರಡು ಪಟ್ಟು ಉದ್ದ.

   

ನಮ್ಮ ಕ್ರಿಸ್ಟಲ್ಲಿನಲ್ಲೂ ಇದೇ ವಿಷಯ. ಎರಡು ಬದಿಯ ಸಂಪರ್ಕ ಬಿಂದುಗಳು ಸರಿಯಾಗಿ ಎದುರುಬದುರು ಇರುವುದೇ ಇಲ್ಲ, ಫೀಲ್ಡ್ ಇಲ್ಲದಿದ್ದರೂ ಒಂದಿಷ್ಟು ವೋಲ್ಟೇಜ್ ತೋರಿಸುತ್ತದೆ. ಫೀಲ್ಡ್ ತಿರುಗಿಸಿದರೆ ಹಾಲ್ ವೋಲ್ಟೇಜಿನ ಚಿಹ್ನೆ ಬದಲಾಗುತ್ತದೆ, ಈ ಬೇಡದ ವೋಲ್ಟೇಜಿನದು ಬದಲಾಗುವುದಿಲ್ಲ, ಒಂದು ರೀಡಿಂಗಿನಿಂದ ಇನ್ನೊಂದನ್ನು ಕಳೆದರೆ ಅದು ಹೋಯಿತು. ಅದಕ್ಕೇ ಒಂದು ದಿಕ್ಕಿನ ರೀಡಿಂಗ್ ಎಲ್ಲ ಊಟಕ್ಕೆ ಮುಂಚೆ, ಇನ್ನೊಂದು ದಿಕ್ಕಿನದು ಊಟದ ನಂತರ ಎಂದು ತೆಗೆಯಲು ನಾನು ಬಿಡುವುದಿಲ್ಲ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಏರಿಳಿಯುತ್ತದೆ, ರೂಮಿನ ತಾಪಮಾನವೂ ಬದಲಾಗುತ್ತದೆ. ಒಂದರ ಬೆನ್ನಿಗೇ ಇನ್ನೊಂದು ತೆಗೆಯಬೇಕು.

ತಿರುಗಿಸಿದರೂ ಹೋಗದ ತಪ್ಪುಗಳಿವೆ, ಇದನ್ನು ಜಾಸ್ತಿ ಒತ್ತಿ ಹೇಳುತ್ತೇನೆ. ಟಾರ್ಗೆಟ್ಟಿನಲ್ಲಿ ಎಷ್ಟು ಪ್ರೋಟಾನ್‌ಗಳ ಸ್ಪಿನ್ ನಿಜವಾಗಿ ಸಾಲಾಗಿದೆ ಎಂಬುದನ್ನು ತಪ್ಪಾಗಿ ಅಳೆದರೆ ಉತ್ತರ ಅಷ್ಟೇ ಪ್ರಮಾಣದಲ್ಲಿ ಕೆಡುತ್ತದೆ. ಅದಕ್ಕೇ ಅವರು ಎನ್‌ಎಂಆರ್ (ರೇಡಿಯೋ ತರಂಗದಿಂದ ಸ್ಪಿನ್ ಪತ್ತೆಮಾಡುವ ವಿಧಾನ) ಕಾಯಿಲ್‌ಗಳಿಂದ ಅದನ್ನು ಬೇರೆಯಾಗಿ ಅಳೆಯುತ್ತಿದ್ದರು. ನಮ್ಮಲ್ಲಿ ಕ್ರಿಸ್ಟಲ್ಲಿನ ದಪ್ಪ ಮತ್ತು ಫೀಲ್ಡ್ ಅಳೆಯುವ ಗಾಸ್ ಮೀಟರ್ ಹಾಗೆ. ಸ್ವಿಚ್ ಹಾಕುವ ಮೊದಲು ಇವೆರಡನ್ನೂ ಪರೀಕ್ಷಿಸಿ ರೆಕಾರ್ಡ್ ಬುಕ್ಕಿನ ಮೊದಲ ಸಾಲಿನಲ್ಲಿ ಬರೆಸುತ್ತೇನೆ.