ಮೂರನೇ ತರಗತಿಯ ನಾಲ್ಕು ತಿಂಗಳು

ತೀರ್ಥಹಳ್ಳಿ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯಶಿಕ್ಷಕನಾದ ನಾನು ಪ್ರತಿ ಮಳೆಗಾಲದಲ್ಲೂ ಐದನೇ ತರಗತಿಯ ಮಕ್ಕಳಿಂದ ಗಾಜನೂರಿನ ಜವಾಹರ್ ನವೋದಯ ವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿಸುತ್ತೇನೆ. ಹೆಚ್ಚು ಅಂಕ ತೆಗೆದವರಿಗೆ ಸೀಟು ಎಂಬಷ್ಟೇ ತಿಳಿವಳಿಕೆಯಿಂದ ಹಲವು ವರ್ಷ ಈ ಕೆಲಸ ಮಾಡಿದ್ದೆ. ಅದು ಸಾಲದೆಂದು ಗೊತ್ತಾಗುವ ಹೊತ್ತಿಗೆ ನನ್ನ ಕೈಯಿಂದಲೇ ಒಂದು ಮಗುವಿಗೆ ನಷ್ಟವಾಗಿತ್ತು.

ಒಂದು ನವೋದಯದಲ್ಲಿ ಆರನೇ ತರಗತಿಗೆ ಇರುವುದು ಹೆಚ್ಚೆಂದರೆ 80 ಸೀಟು. ಅದರಲ್ಲಿ ಕನಿಷ್ಠ ಶೇ 75ರಷ್ಟು ಗ್ರಾಮೀಣ ಮಕ್ಕಳಿಗೆ ಮೀಸಲು. ಉಳಿದವಕ್ಕೆ ಪೇಟೆಯವರೂ ಹಳ್ಳಿಯವರೂ ಒಟ್ಟಿಗೆ ಸ್ಪರ್ಧಿಸುತ್ತಾರೆ. ಆದರೆ ಗ್ರಾಮೀಣ ಅಭ್ಯರ್ಥಿ ಎನಿಸಿಕೊಳ್ಳಲು ಮನೆ ಹಳ್ಳಿಯಲ್ಲಿದ್ದರೆ ಸಾಲದು. ಮೂರು, ನಾಲ್ಕು ಮತ್ತು ಐದನೇ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಆ ಅವಧಿಯಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಮಗು ನಗರದ ಅಭ್ಯರ್ಥಿಯಾಗುತ್ತದೆ. ಈ ವಿವರಗಳನ್ನು ದೃಢೀಕರಿಸಿ ಸಹಿ ಹಾಕುವುದು ಮುಖ್ಯಶಿಕ್ಷಕರ ಹೊಣೆ.

ಒಬ್ಬ ಹುಡುಗಿ ಒಂದನೇ ತರಗತಿಯಿಂದಲೂ ನಮ್ಮಲ್ಲೇ ಇದ್ದವಳು. ತಾಯಿಗೆ ಕಾಯಿಲೆಯಾದಾಗ, ಮೂರನೇ ತರಗತಿಯ ನಾಲ್ಕು ತಿಂಗಳು ಶಿವಮೊಗ್ಗದ ಚಿಕ್ಕಮ್ಮನ ಮನೆಯಲ್ಲಿದ್ದು, ಅಲ್ಲಿನ ಶಾಲೆಗೆ ಸೇರಿ ಮರಳಿ ಬಂದಿದ್ದಳು. ದಾಖಲಾತಿ ರಿಜಿಸ್ಟರಿನಲ್ಲಿ ಅದೆಲ್ಲ ಇತ್ತು. ನಾನು ರಿಜಿಸ್ಟರನ್ನು ತೆರೆಯದೆ, ಕಣ್ಣೆದುರು ಬೆಳೆದ ಮಗುವೆಂಬ ಭರವಸೆಯಲ್ಲಿ, ಗ್ರಾಮೀಣ ಎಂದು ಬರೆದು ಸಹಿ ಮಾಡಿದೆ. ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರು ಬಂತು, ದಾಖಲೆ ಪರಿಶೀಲನೆಯಲ್ಲಿ ವರ್ಗಾವಣೆ ಪತ್ರ ಸತ್ಯ ಹೇಳಿತು, ಸೀಟು ಹೋಯಿತು. "ಮುಂದಿನ ವರ್ಷ ಇನ್ನೊಂದ್ ಸಲ ಬರಿಸಬಹುದಾ ಮೇಷ್ಟ್ರೇ?" ಎಂದು ಅವಳ ತಂದೆ ಕೇಳಿದರು. ಈ ಪರೀಕ್ಷೆಯನ್ನು ಒಂದು ಮಗು ಒಮ್ಮೆ ಮಾತ್ರ ಬರೆಯಬಹುದೆಂದು ನಾನೇ ಅವರಿಗೆ ಹೇಳಬೇಕಾಯಿತು. ಅವಳ ನಿಜವಾದ ವರ್ಗ ಮೊದಲೇ ತಿಳಿದಿದ್ದರೆ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪರೀಕ್ಷೆಯನ್ನಾದರೂ ತಪ್ಪದೆ ಬರೆಸುತ್ತಿದ್ದೆ. ಆ ವರ್ಷ ಅದನ್ನೂ ಮಾಡಿರಲಿಲ್ಲ.

ಈಗ ಜೂನ್‌ನಲ್ಲೇ ಐದನೇ ತರಗತಿಯ ಪ್ರತಿ ಮಗುವಿನ ಮೂರು ವರ್ಷಗಳ ಶಾಲೆ, ಸೇರಿದ ಮತ್ತು ಬಿಟ್ಟ ದಿನಾಂಕಗಳನ್ನು ರಿಜಿಸ್ಟರಿನಿಂದ ಒಂದು ಹಾಳೆಗೆ ಇಳಿಸಿಕೊಂಡು, ಪೋಷಕರನ್ನು ಕರೆಸಿ ಅವರ ಮುಂದೆ ಓದುತ್ತೇನೆ. ಪರೀಕ್ಷೆಯ ತಯಾರಿಯನ್ನೂ ಬದಲಿಸಿದ್ದೇನೆ. 100 ಅಂಕಗಳಲ್ಲಿ 50 ಅಂಕ ಮಾನಸಿಕ ಸಾಮರ್ಥ್ಯಕ್ಕೆ, ಅಂದರೆ ನಮ್ಮ ಪಠ್ಯಪುಸ್ತಕದಲ್ಲಿ ಹೆಚ್ಚಾಗಿ ಕಾಣದ ಆಕೃತಿಗಳ ಪ್ರಶ್ನೆಗಳಿಗೆ. ಗಣಿತಕ್ಕೆ 25, ಭಾಷೆಗೆ 25. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ 80 ಪ್ರಶ್ನೆಗಳಲ್ಲಿ ಒಂದನ್ನೂ ಬಿಡಬಾರದೆಂದು ಮಕ್ಕಳಿಗೆ ಮನದಟ್ಟು ಮಾಡುತ್ತೇನೆ.

ಈ ವರ್ಷ ಒಬ್ಬ ಹುಡುಗ ತೀರ್ಥಹಳ್ಳಿ ಪಟ್ಟಣದ ಶಾಲೆಯಿಂದ ಬಂದವನೆಂದು ಆ ಹಾಳೆಯಲ್ಲಿ ಕಂಡಿತು. ವರ್ಗಾವಣೆ ಪತ್ರ ತರಿಸಿ ನೋಡಿದೆ. ಅವನು ಅಲ್ಲಿ ಓದಿದ್ದು ಎರಡನೇ ತರಗತಿಯವರೆಗೆ ಮಾತ್ರ. ಮೂರನೆಯದರ ಮೊದಲ ದಿನದಿಂದಲೇ ನಮ್ಮ ಹಾಜರಿಯಲ್ಲಿದ್ದ. ತಾಯಿಗೂ ತೋರಿಸಿ, ಗ್ರಾಮೀಣ ಎಂದು ಬರೆದು ಸಹಿ ಮಾಡಿದೆ.