ಹೋಲ್ಟರ್ ಕಟ್ಟಿಸಿಕೊಳ್ಳುವ ಮುನ್ನ

ಮಯೋಟಾನಿಕ್ ಡಿಸ್ಟ್ರೋಫಿ (ಸ್ನಾಯುಗಳು ಸೊರಗುತ್ತ, ಬಿಗಿದರೆ ಬೇಗ ಸಡಿಲವಾಗದ ವಂಶಪಾರಂಪರ್ಯ ಕಾಯಿಲೆ) ಇರುವವರಿಗೆ ಎದೆನೋವು, ಏದುಸಿರು ಏನೂ ಇಲ್ಲದಿದ್ದರೂ ವರ್ಷಕ್ಕೊಂದು ಇಸಿಜಿ ಬೇಕೇ ಬೇಕು. ಕೈಕಾಲಿನಲ್ಲಿ ಬಲವಿದೆ ಅಂದಮಾತ್ರಕ್ಕೆ ಹೃದಯದ ವಿದ್ಯುತ್ ದಾರಿ ಸರಿಯಿದೆ ಎನ್ನುವಂತಿಲ್ಲ. ವರದಿಯಲ್ಲಿ ಪಿಆರ್ (ಮಿಡಿತದ ಸಂಕೇತ ಹೃದಯದ ಮೇಲಿನ ಕೋಣೆಯಿಂದ ಕೆಳಗಿನದಕ್ಕೆ ತಲುಪುವ ಹೊತ್ತು) 240 ಮಿಲಿಸೆಕೆಂಡ್ ಅಥವಾ ಕ್ಯೂಆರ್‌ಎಸ್ (ಅದು ಕೆಳಗಿನ ಕೋಣೆಗಳಲ್ಲಿ ಹರಡುವ ಹೊತ್ತು) 120 ದಾಟಿದ್ದರೆ ಮೈಸೂರಿಗೆ ಹೋಗಿ ಹೃದಯತಜ್ಞರನ್ನು ಕಾಣಿ, ಹಬ್ಬ ಮುಗಿಯಲಿ ಅಂತ ಕಾಯಬೇಡಿ.

ಇಸಿಜಿ ಹಿಡಿಯುವುದು ಹತ್ತು ಸೆಕೆಂಡು. ಎದೆಗೆ ಪಟ್ಟಿ ಅಂಟಿಸಿ ಮೈಮೇಲೆ ಕಟ್ಟಿಕೊಳ್ಳುವ ಪುಟ್ಟ ಇಸಿಜಿ ಯಂತ್ರ ಹೋಲ್ಟರ್ ಹಿಡಿಯುವುದು 24 ಗಂಟೆ. ಮಂಡ್ಯದ ಏಪ್ರಿಲ್ ಸೆಕೆಗೆ ಬೆವರಿ ಎದೆಯ ಪಟ್ಟಿ ಬಿಟ್ಟುಕೊಂಡರೆ ದಾಖಲೆಯೆಲ್ಲ ಗೀಚುಗೀಚು. ಎದೆಯ ಕೂದಲು ತೆಗೆಸಿ, ಸ್ನಾನ ಮಾಡಿ, ಎಣ್ಣೆ-ಪೌಡರ್ ಹಚ್ಚದೆ ಹೋಗಿ. ಬಿಗಿ ಸಡಿಲವಾಗದ ಬೆರಳಿಗೆ, ತೊಂದರೆಯಾದ ಹೊತ್ತು ಗುರುತಿಸಲು ಹೋಲ್ಟರ್‌ನಲ್ಲಿರುವ ಪುಟ್ಟ ಬಟನ್ ಒತ್ತುವುದು ಕಷ್ಟ. ತಲೆಸುತ್ತು ಬಂದ ಹೊತ್ತನ್ನು ಮನೆಯವರು ಗಡಿಯಾರ ನೋಡಿ ಬರೆದಿಡಲಿ. ಕಣ್ಣು ಕತ್ತಲಿಟ್ಟು ಬಿದ್ದಿದ್ದರೆ ಮಾತ್ರ ‘ಕಾಲು ಸೋತಿತು’ ಅಂತ ಸುಮ್ಮನಿರದೆ ಅದೇ ದಿನ ತೋರಿಸಿ.